ಸಂತೆ ಆಟ, ಕೆರೆ ಆಟ

"ಅಣ್ಣಾರೆ, ಮೊದಲನೇ ಸಂತೆ ಆಟ ನಿಮ್ಮ ಮನ್ಯಾಗೆ ಐತಾ? ಹಂಗಾದ್ರೆ ಇದು ಬ್ಯಾಡ ಬಿಡ್ರಿ. ಎರಡೂ ಒಂದೇ. ಹೆಸರು ಮಾತ್ರ ಭಾಗ ಎರಡು."

ಹೊನ್ನಾಳಿ ಬಸ್‌ಸ್ಟ್ಯಾಂಡಿನಲ್ಲಿ ನಿಂತ ಬಸ್ಸಿನೊಳಗೆ, ಆಟದ ಹಾಳೆಗಳ ಕಟ್ಟು ಹೊತ್ತ ಯುವಕನೊಬ್ಬ ಗಿರಾಕಿಗೆ ಹೀಗೆ ಹೇಳುತ್ತಿದ್ದ. ಮಾರಲು ಬಂದವನೇ ಬೇಡ ಅನ್ನುವುದನ್ನು ಆ ಬಸ್ಸು ಅಲ್ಲಿಯವರೆಗೆ ಕಂಡಿರಲಿಕ್ಕಿಲ್ಲ.

ಕಿಟಕಿ ಪಕ್ಕ ಕೂತಿದ್ದ ಉಚ್ಚಂಗಮ್ಮನ ಕಿವಿ ಬಿಸಿಯಾಯಿತು. ಆ ಆಟ ಮಾಡಿದವಳು ಅವಳೇ.

"ಏನ್ರೀ, ಮಾರಾಕೆ ಬಂದೀರೋ, ಬೈಯಾಕೆ ಬಂದೀರೋ?"

ಅವನು ತಿರುಗಿದ. "ನಿಮಗ್ಯಾಕ್ರೀ ಸಿಟ್ಟು?"

"ಅದನ್ನ ಬರೆದೋಳು ನಾನು."

ಅವನು ನಾಲಿಗೆ ಕಚ್ಚಿಕೊಂಡ. ಆದರೆ ಮಾತು ಹಿಂದೆ ತಗೊಳ್ಳಲಿಲ್ಲ. "ಮೊದಲನೇದು ಬಾಳ ಚಂದ ಐತ್ರೀ. ಅದನ್ನ ಮಾಡಿದೋರು ಇದನ್ನ ಯಾಕೆ ಮಾಡಿದ್ರೋ..."

ಬಸ್ಸು ಹೊರಟಿತು, ಅವನು ಇಳಿದುಹೋದ. ನ್ಯಾಮತಿಯ ಚಿಕ್ಕಮ್ಮನ ಮನೆ ಮುಟ್ಟುವವರೆಗೂ ಅವಳು ಮನಸ್ಸಿನಲ್ಲೇ ಅವನಿಗೆ ಉತ್ತರ ಕೊಡುತ್ತಿದ್ದಳು. ಒಂದು ಉತ್ತರವೂ ಸರಿಹೋಗಲಿಲ್ಲ. 'ಅವನು ಹೇಳಿದ್ದು ನಿಜ, ಅದಕ್ಕೇ ಉರೀತೈತೆ' ಎಂದು ಕೊನೆಗೆ ಒಪ್ಪಿಕೊಂಡಳು.

ಎಂಬತ್ತಮೂರರ ಮಾತಿದು. ಜಗಳೂರಿನ ಉಚ್ಚಂಗಮ್ಮ ಚನ್ನಗಿರಿಯಲ್ಲಿ ಅಕ್ಕನ ಮನೆಯಲ್ಲಿದ್ದು ಶಿಶುವಿಹಾರದ ಟೀಚರಾಗಿದ್ದಳು. ಮಕ್ಕಳಿಗೆಂದು ಅವಳು ಬರೆದ ಆಟವೊಂದಿತ್ತು. ದಾಳ ಎಸೆದು, ಕಾಯಿ ನಡೆಸಿ, ತ್ಯಾವಣಿಗೆ ಸಂತೆ ಮುಟ್ಟಬೇಕು. ದಾರಿಯಲ್ಲಿ ಗಾಡಿಯ ಕೀಲು ಮುರಿಯುತ್ತದೆ, ಮೇಕೆ ತಪ್ಪಿಸಿಕೊಳ್ಳುತ್ತದೆ, ಬೀಗರು ಸಿಕ್ಕಿ ಕಾಫಿಗೆ ಎಳೆಯುತ್ತಾರೆ. ಅದೇ ಊರಿನ ಪ್ರೆಸ್ಸಿನ ಜಯದೇವಪ್ಪ ಅದನ್ನು ಅಚ್ಚು ಹಾಕಿಸಿ ಬಸ್ಸುಗಳಲ್ಲಿ ಮಾರಿಸಿದರು. ಬಿಸಿ ದೋಸೆಯ ಹಾಗೆ ಹೋಯಿತು. ಕೂಡಲೇ ಭಾಗ ಎರಡು ಬೇಕೆಂದರು. ಮೇಕೆಯ ಜಾಗದಲ್ಲಿ ಎಮ್ಮೆ ಬರೆದು ಕೊಟ್ಟಿದ್ದಳು, ಅಷ್ಟೇ.

ನ್ಯಾಮತಿಯಿಂದ ಬಂದವಳೇ ಹೊಸದೊಂದನ್ನು ಬರೆಯಲು ಕೂತಳು. ಈ ಸಲ ಸಂತೆಯಿಲ್ಲ. ಒಂದು ಕೆರೆ, ಒಂದು ತೂಬು, ಕಾಲುವೆಯುದ್ದಕ್ಕೂ ಹೊಲಗಳು. ಆಡುವವರೆಲ್ಲ ಸರದಿಯಂತೆ ನೀರು ಬಿಡಬೇಕು. ಕಟ್ಟಕಡೆಯ ಹೊಲಕ್ಕೆ ನೀರು ಹತ್ತಿದರೆ ಎಲ್ಲರೂ ಗೆದ್ದ ಹಾಗೆ. ಅದು ಒಣಗಿತೋ, ಎಲ್ಲರೂ ಸೋತ ಹಾಗೆ.

ಅದನ್ನು ಸುತ್ತಿಕೊಂಡು ಪ್ರೆಸ್ಸಿಗೆ ಹೋದರೆ, ಅಲ್ಲಿ ಮರದ ಹಲಗೆಯ ಮೇಲೆ ಚಿತ್ರ ಕೆತ್ತುತ್ತಾ ಕೂತಿದ್ದವನು ಅದೇ ಬಸ್ಸಿನ ಆಸಾಮಿ! ತಿಪ್ಪೇಶಪ್ಪ ಅಂತ ಹೆಸರು. ಅಚ್ಚು ಕೆತ್ತುವವನೂ ಅವನೇ, ಹಾಳೆ ಮಾರುವವನೂ ಅವನೇ. ಹಿಂದಿನ ಎರಡೂ ಆಟಗಳನ್ನು ಜಯದೇವಪ್ಪನವರ ಮನೆಗೇ ಕೊಟ್ಟಿದ್ದರಿಂದ ಅವಳು ಅವನನ್ನು ಇಲ್ಲಿ ಕಂಡಿರಲಿಲ್ಲ.

ಜಯದೇವಪ್ಪನವರು ಬರುವವರೆಗೆ ಇಬ್ಬರೂ ಆಡಿ ನೋಡಿದರು. ಮೊದಲ ಸಲ ಕಡೆಯ ಹೊಲ ಒಣಗಿತು. ಎರಡನೇ ಸಲವೂ ಒಣಗಿತು.

"ನೀವು ಮ್ಯಾಲಿನ ಹೊಲಕ್ಕೇ ಸುರೀತೀರಲ್ರೀ," ಅಂದಳು.

"ನಂದೇ ಹೊಲ ಅಲ್ವಾ ಅದು?"

"ಅದಕ್ಕೇ ಸೋತ್ರಿ."

ಅವನು ನಕ್ಕುಬಿಟ್ಟ. ಆ ನಗು ಅವಳಿಗೆ ಹಿಡಿಸಿತು, ಬೇಡವೆಂದರೂ ಹಿಡಿಸಿತು. "ಇಂಥದ್ದು ಎಲ್ಲೂ ಇಲ್ಲ ಟೀಚರೇ," ಎಂದು ಅವನು ಮೆಲ್ಲಗೆ ಹೇಳಿದಾಗ ಅವಳು ಕಾಯಿಗಳನ್ನು ಆರಿಸುವ ನೆಪದಲ್ಲಿ ತಲೆ ಬಗ್ಗಿಸಿದಳು.

ಜಯದೇವಪ್ಪನವರು ಮಾತ್ರ ಹಾಳೆಯನ್ನು ಆಚೆ ಈಚೆ ತಿರುಗಿಸಿದರು. "ಎಲ್ರೂ ಗೆದ್ರೆ ಆಟ ಹೆಂಗಾಗ್ತದಮ್ಮ? ಜನ ಕೇಳ್ತಿರೋದು ಸಂತೆ. ಭಾಗ ಮೂರು ಮಾಡು. ಆಗಲ್ಲ ಅಂದ್ರೆ ಬೇರೇರ ಕೈಲಿ ಬರೆಸ್ತೀನಿ."

ಕೆರೆ ಆಟ ಅಚ್ಚಾಗದಿದ್ದರೆ ತಾನು ಜೀವಮಾನವಿಡೀ ಸಂತೆಗೇ ಹೋಗಿ ಬರುವವಳು ಎಂದು ಅವಳಿಗೆ ಖಚಿತವಾಯಿತು. ಎದ್ದು ಹೋದಳು. ಹಾಳೆ ಅಲ್ಲೇ ಉಳಿಯಿತು.

"ಧಣೇರೆ, ಇದನ್ನ ಕೆತ್ತಾಕೆ ಒಂದು ಹಲಗೆ ಕೊಡ್ರಿ," ಅಂದ ತಿಪ್ಪೇಶಪ್ಪ.

"ಹೊಸ ಹಲಗೆ ನಿಮ್ಮಪ್ಪ ತಂದಿಟ್ಟಾನೇನು? ಅಷ್ಟು ಆಸೆ ಇದ್ರೆ ಹಳೇದನ್ನ ಹೆರಕಾ."

ಅದು ಕೊಂಕು. ಆದರೆ ಆ ಪ್ರೆಸ್ಸಿನ ರೂಢಿಯೇ ಹಾಗಿತ್ತು. ಚುನಾವಣೆ ಮುಗಿದರೆ ಅದರ ಚಿಹ್ನೆಯ ಹಲಗೆ ಹೆರೆದು, ಮದುವೆ ಪತ್ರಿಕೆಯ ಗಣಪತಿ ಕೆತ್ತುತ್ತಿದ್ದರು. ತಿಪ್ಪೇಶಪ್ಪನಿಗೆ ಅದು ಅಪ್ಪಣೆಯೆಂದೇ ಕೇಳಿಸಿತು. ಆಟದ ಅಳತೆಯ ಹಲಗೆಗಳು ಇದ್ದದ್ದೇ ಎರಡು. ಭಾಗ ಎರಡರದ್ದು ಮಷಿನ್ನಿನ ಮೇಲಿತ್ತು. ಉಳಿದದ್ದು ಮೊದಲನೇ ಸಂತೆ ಆಟ.

ಮರುದಿನ ಹಾಳೆ ಒಯ್ಯಲು ಬಂದ ಉಚ್ಚಂಗಮ್ಮ ಕಂಡದ್ದು ಕೀಸುಳಿ ಹಿಡಿದ ತಿಪ್ಪೇಶಪ್ಪನನ್ನು. ಕಾಲಬುಡದಲ್ಲಿ ಮಸಿ ಮೆತ್ತಿದ ಮರದ ಸಿಪ್ಪೆ. ಹಲಗೆಯ ಮೂಲೆಯಲ್ಲಿ ಅವಳ ಮೇಕೆಯ ಎರಡು ಕಾಲು ಮಾತ್ರ ಉಳಿದಿದ್ದವು.

ಅವಳಿಗೆ ಅಳುವೇ ಬಂತು. "ನನ್ನದು ಅಂತ ಇದ್ದದ್ದು ಅದೊಂದೇ... ಅದೂ ನಿಮ್ಮ ಕಣ್ಣಿಗೆ ಚುಚ್ತಿತ್ತೇನ್ರೀ?"

"ಟೀಚರೇ, ಇದು ನಿಮ್ಮ ಕೆರೆಗೇನೇ—"

ಅವಳು ಕೇಳಿಸಿಕೊಳ್ಳಲು ನಿಂತಿದ್ದರೆ ತಾನೆ! ಶಿಶುವಿಹಾರಕ್ಕೆ ರಜೆ ಬೇರೆ ಬಂದಿತ್ತು, ಸಂಜೆಯ ಹೊತ್ತಿಗೆ ಜಗಳೂರಿನ ತಾಯಿಯ ಮನೆಯಲ್ಲಿದ್ದಳು.

ಇತ್ತ ಜಯದೇವಪ್ಪನವರು ರೌದ್ರಾವತಾರ ತಾಳಿದರು. "ಕೊಂಕಿಗೂ ಅಪ್ಪಣೆಗೂ ಭೇದ ತಿಳೀದೋನು ನನಗೆ ಬ್ಯಾಡ," ಎಂದು ತಿಪ್ಪೇಶಪ್ಪನನ್ನು ಹಲಗೆಯ ಸಮೇತ ಹೊರಗೆ ಹಾಕಿದರು.

ಜಗಳೂರಿನಲ್ಲಿ ಉಚ್ಚಂಗಮ್ಮನ ತಾಯಿ ಮೂಕಮ್ಮನಿಗೆ ಮಗಳು ಬಂದದ್ದೇ ಖುಷಿ, ಎರಡು ಸಂಬಂಧದ ಸುದ್ದಿ ಎತ್ತಿದಳು. ಉಚ್ಚಂಗಮ್ಮ ಹ್ಞಾಂ ಅನ್ನಲಿಲ್ಲ, ಹ್ಞೂಂ ಅನ್ನಲಿಲ್ಲ. ಇನ್ನೊಂದು ಗೆರೆ ಎಳೆಯುವುದಿಲ್ಲ ಎಂದು ಶಪಥ ಮಾಡಿದ್ದಳು. ಅವನನ್ನು ನೆನೆಯುವುದಿಲ್ಲ ಎಂದೂ ಮಾಡಿದ್ದಳು, ಅದು ನಡೆಯಲಿಲ್ಲ.

ರಜೆ ಮುಗಿಯುವ ಮುಂಚೆ ಒಂದು ಬೆಳಿಗ್ಗೆ ತಿಪ್ಪೇಶಪ್ಪ ಬಾಗಿಲಲ್ಲಿ ನಿಂತಿದ್ದ. ಬಗಲಲ್ಲಿ ದೊಡ್ಡ ಕಟ್ಟು.

"ಯಾಕೆ ಬಂದ್ರಿ?"

ಅವನು ಕಟ್ಟು ಬಿಚ್ಚಿದ. ಕೆರೆ, ತೂಬು, ಕಾಲುವೆ, ಕಟ್ಟಕಡೆಯ ಹೊಲ. ಅವಳು ಬರೆದ ಒಂದು ಗೆರೆಯೂ ತಪ್ಪಿರಲಿಲ್ಲ.

"ಹೊನ್ನಾಳಿಯ ಪ್ರೆಸ್ಸಿನೋರು ಅಚ್ಚು ಹಾಕಿಕೊಟ್ರು. ಅಲ್ಲೇ ಕೆಲಸನೂ ಸಿಕ್ತು. ಧಣಿ ಹೆರಕಾ ಅಂದ್ರು, ನಾನು ಹೆರೆದೆ. ಈ ಆಟಕ್ಕೇ ಅಂತ ಹೆರೆದೆ."

ಉಚ್ಚಂಗಮ್ಮನ ಎದೆ ತುಂಬಿ ಬಂತು. ಆದರೂ ದನಿ ಗಟ್ಟಿ ಮಾಡಿಕೊಂಡಳು. "ಹಲಗೆ ಧಣೀದು. ಮೇಕೆ ಯಾರದು?"

"ನಿಮ್ಮದು. ನಿಮ್ಮನ್ನ ಕೇಳಬೇಕಿತ್ತು. ತಪ್ಪಾತು."

ಅವಳು ಹಾಳೆಯ ಮೇಲೆ ಕೈ ಆಡಿಸಿದಳು. ಬೆರಳಿಗೆ ಮಸಿ ಹತ್ತಿತು.

"ಇದನ್ನ ಯಾರೂ ಕೊಳ್ಳಲಿಲ್ಲ ಅಂದ್ರೆ?"

"ಬೇರೆ ಮಾಡ್ರಿ. ಅದನ್ನೂ ಕೆತ್ತತೀನಿ."

"ಸಂತೆ ಭಾಗ ಮೂರಾ?"

"ಅದೊಂದು ಬ್ಯಾಡ."

ಅವಳಿಗೆ ನಗು ತಡೆಯಲಾಗಲಿಲ್ಲ. "ಹೊನ್ನಾಳಿಗೆ ನಾನೂ ಬರ್ತೀನಿ, ಇದನ್ನ ಹೆಂಗೆ ಆಡಬೇಕು ಅಂತ ಬಸ್ಸಿನ್ಯಾಗೆ ನಾನೇ ಹೇಳ್ತೀನಿ. ಆದ್ರೆ ಇನ್ಮ್ಯಾಲೆ ನನ್ನದು ಏನೇ ಇರಲಿ, ಕೇಳದೆ ಮುಟ್ಟಂಗಿಲ್ಲ."

"ಇಲ್ಲ. ಕೇಳ್ತೀನಿ." ಅವನು ಕಟ್ಟನ್ನು ಮತ್ತೆ ಸುತ್ತಿಟ್ಟ. "ಈಗ್ಲೇ ಒಂದು ಕೇಳ್ಲಾ?"

"ಕೇಳ್ರಿ."

"ನಿಮ್ಮನ್ನ ಕಂಡ್ರೆ ನನಗೆ ಬಾಳ ಇಷ್ಟ. ನನ್ನ ಮದುವೆ ಆಗ್ತೀರಾ?"

ಒಳಗೆ ಮೂಕಮ್ಮನ ಪಾತ್ರೆಯ ಸದ್ದು ನಿಂತಿತು. ಉಚ್ಚಂಗಮ್ಮ ಅತ್ತ ಒಮ್ಮೆ ನೋಡಿ, ದನಿ ತಗ್ಗಿಸಿದಳು.

"ಅವ್ವನ್ನ ಒಂದು ಮಾತು ಕೇಳ್ರಿ... ನನ್ನನ್ನ ಕೇಳಿದ್ದಾತಲ್ಲ. ನಾನು ಹ್ಞೂಂ ಅಂದೆ."