ತಣ್ಣಗಿದ್ದಾಗ ನೋಡಿದ ಕಾಯಿಲ್

ಕಾಯ್ತಾನ್ ಬೈಕ್ ತಳ್ಳಿಕೊಂಡು ಬಂದ ಮೊದಲ ದಿನವೇ ನಾನು ಅವನನ್ನು ಸುಳ್ಳುಗಾರ ಅಂದೆ. ತಮಾಷೆಗೆ ಅಂದದ್ದು. ಆ ತಮಾಷೆ ನನಗೆ ಎಷ್ಟು ಹಿಡಿಸಿತೆಂದರೆ, ಅದು ನಿಜವೋ ಅಲ್ಲವೋ ಎಂದು ಆಮೇಲೂ ವಿಚಾರಿಸಲಿಲ್ಲ.

ಅವನು ಪಣಜಿಯ ಪೈಲಟ್. ಹಳದಿ ಮಡ್‌ಗಾರ್ಡಿನ ಬೈಕಿನಲ್ಲಿ ಬಾಡಿಗೆಗೆ ಜನರನ್ನು ಕೂರಿಸಿಕೊಂಡು ಹೋಗುವವನು. ನಮ್ಮ ಗ್ಯಾರೇಜ್ ಇದ್ದದ್ದು ಪರ್ವರಿಯ ಏರಿನ ತುದಿಯಲ್ಲಿ. ಪಾಯ್‌ಗೆ, ಅಂದರೆ ನನ್ನ ಅಪ್ಪನಿಗೆ, ಕಣ್ಣು ಮಂಜಾದ ಮೇಲೆ ವಯರಿಂಗ್ ಕೆಲಸವೆಲ್ಲ ಮಗಳಾದ ನನ್ನದೇ. ಏರು ಹತ್ತುವಾಗ ಬೈಕ್ ನಿಂತುಹೋಯಿತು, ಪ್ಲಗ್ಗಿನಲ್ಲಿ ಕಿಡಿಯೇ ಬರುತ್ತಿಲ್ಲ ಎಂದ ಕಾಯ್ತಾನ್. ನಾನು ಒಂದು ಕಿಕ್ ಹೊಡೆದೆ. ಸ್ಟಾರ್ಟ್ ಆಯಿತು.

“ಕಾಯಿಲ್ ಒಂದ್ಸಲ ನೋಡು ರೆಜಿನ್,” ಎಂದ. ನನ್ನ ಹೆಸರು ಅವನಿಗೆ ಹೇಗೆ ಗೊತ್ತಾಯಿತೋ. ಪ್ಲಗ್ಗಿಗೆ ಕಿಡಿ ಕೊಡುವ ಆ ತಂತಿಸುರುಳಿಯನ್ನು ಬಿಚ್ಚಿ ಬೆಂಚಿನ ಮೇಲಿಟ್ಟು ಮೀಟರಿನ ವಯರುಗಳನ್ನು ತಾಗಿಸಿದೆ. ಮುಳ್ಳು ಎಷ್ಟು ಏಳಬೇಕೋ ಅಷ್ಟೇ ಎದ್ದಿತು. ಒಳಗಿನ ತಂತಿ ಎಲ್ಲೂ ತುಂಡಾಗಿರಲಿಲ್ಲ.

“ಕಾಯಿಲ್ ಸರಿ ಇದೆ. ಓಡಿಸೋನಿಗೇ ಏನೋ ಆಗಿದೆ, ಸುಳ್ಳುಗಾರ,” ಅಂದೆ.

ಅವನು ತಲೆ ಬಗ್ಗಿಸಿ ನಕ್ಕ. ನನ್ನ ಕೆನ್ನೆಗೆ ಗ್ರೀಸ್ ಮೆತ್ತಿತ್ತು. ಹೇಳಲು ನಾಚಿಕೆಯಾಗಿ ತನ್ನ ಕೆನ್ನೆಯನ್ನೇ ಒರೆಸಿಕೊಂಡು ತೋರಿಸಿದ. ನಾನು ಬೇಕೆಂದೇ ಇನ್ನೊಂದು ಕೆನ್ನೆ ಒರೆಸಿಕೊಂಡೆ.

ಆಮೇಲೆ ಎರಡು ಸಲ ಹಾಗೇ ಬಂದ. ಎರಡು ಸಲವೂ ಬೈಕ್ ಒಂದೇ ಕಿಕ್ಕಿಗೆ ಹೊರಟಿತು, ಮುಳ್ಳು ಸರಿಯಾಗೇ ಎದ್ದಿತು. ನನ್ನನ್ನು ನೋಡಲು ನೆಪ ಹೂಡುತ್ತಾನೆ ಎಂದುಕೊಂಡು ಒಳಗೊಳಗೇ ಹಿಗ್ಗಿದೆ. ನಿಜವಾಗಿಯೂ ನಿಲ್ಲುತ್ತದೆ ಎಂದು ಅವನು ಹೇಳುತ್ತಲೇ ಇದ್ದ. ನಿಂತದ್ದೂ ಒಳ್ಳೆಯದೇ ಆಯಿತು ಎಂದೂ ಸೇರಿಸುತ್ತಿದ್ದ.

ಮಳೆಗಾಲ ಮುಗಿಯುವ ಹೊತ್ತಿಗೆ, ಹಡಗಿನಲ್ಲಿ ಅಡುಗೆ ಕೆಲಸದ ದುಮಿಂಗ್‌ನ ಮನೆಯವರು ನನ್ನನ್ನು ಹೆಣ್ಣು ಕೇಳಲು ಭಾನುವಾರ ಐದಕ್ಕೆ ಬರುವುದೆಂದಾಯಿತು. ನಾಲ್ಕಕ್ಕೇ ನಿನ್ನ ಮಾವ್ಶಿಯನ್ನು ಕರೆದುಕೊಂಡು ಬಾ, ಬರದಿದ್ದರೆ ಅವರಿಗೇ ಹೂಂ ಅನ್ನುತ್ತೇನೆ ಎಂದು ಕಾಯ್ತಾನ್‌ಗೆ ಹೇಳಿದೆ. ತಾಯಿಯಿಲ್ಲದ ಅವನಿಗೆ ಹೆಣ್ಣು ಕೇಳಲು ಇದ್ದದ್ದು ಆ ಚಿಕ್ಕಮ್ಮ ಒಬ್ಬಳೇ.

ನಾಲ್ಕಾಯಿತು. ಐದಾಯಿತು. ಬಂದವರು ದೋದೋಲ್ ಸಿಹಿ ತಿಂದರು. ಪಾಯ್ ನನ್ನ ಮುಖ ನೋಡಿದರು. ನಾನು ಹೂಂ ಅಂದೆ.

ಅವರು ಹೋದ ಮೇಲೆ, ಆರೂವರೆಗೆ, ಕಾಯ್ತಾನ್ ಬಂದ. ಒಬ್ಬನೇ, ಬೈಕ್ ತಳ್ಳಿಕೊಂಡು. ಇಗರ್ಜಿಗೆ ಹಾಕುವ ಬಿಳಿ ಅಂಗಿ ಬೆನ್ನಿಗಂಟಿತ್ತು. ಇಬ್ಬರ ಭಾರಕ್ಕೆ ಏರಿನಲ್ಲಿ ಮೂರು ಸಲ ನಿಂತಿತಂತೆ. ಶಕುನ ಸರಿಯಿಲ್ಲವೆಂದು ಮಾವ್ಶಿ ಬಸ್ಸು ಹತ್ತಿ ವಾಪಸಾದಳಂತೆ.

“ಮೂರು ಸಲ ನೋಡಿದ್ದೀನಿ. ಆ ಕಾಯಿಲ್‌ಗೆ ಏನೂ ಆಗಿಲ್ಲ,” ಅಂದೆ. “ಬರೋಕೆ ಮನಸ್ಸಿರ್ಲಿಲ್ಲ ಅಂತ ಹೇಳಿಬಿಡು.”

“ನಾನು ಹೇಳ್ತಿದ್ದೀನಲ್ಲ ರೆಜಿನ್. ನಿಂತುಹೋಯ್ತು.”

ನನ್ನ ಸಿಟ್ಟಿಗೆ ಮೀಟರೇ ಸಾಕ್ಷಿ. ಅಲ್ಲೇ ಕೂತು ಹಳೆಯದನ್ನು ಬಿಚ್ಚಿ ಹೊಸ ಕಾಯಿಲ್ ಹಾಕಿದೆ. ಇನ್ನು ಇಲ್ಲಿಗೆ ಬರಲು ನಿನಗೆ ನೆಪ ಉಳಿಯಲಿಲ್ಲ ಎಂದೂ ಅಂದೆ. ಅವನು ಬೈಕ್ ಹತ್ತಿ ಹೊರಟುಹೋದ.

ಮದುವೆ ನಿಶ್ಚಯವಾದವರ ಹೆಸರನ್ನು ಇಗರ್ಜಿಯಲ್ಲಿ ಮೂರು ಭಾನುವಾರ ಕೂಗುತ್ತಾರೆ. ದುಮಿಂಗ್‌ನ ಹೆಸರಿನ ಜೊತೆ ನನ್ನ ಹೆಸರು ಎರಡು ಭಾನುವಾರ ಕೂಗಿ ಆಯಿತು. ಮೂರನೆಯ ಸಲ ಕೂಗಿದರೆ ಮದುವೆಯೇ. ಬೆಂಚು ಚೊಕ್ಕಟ ಮಾಡುವಾಗ ಆ ಹಳೆಯ ಕಾಯಿಲ್ ಕೈಗೆ ಸಿಕ್ಕಿತು. ಚೆನ್ನಾಗಿರುವುದನ್ನು ಯಾರಿಗಾದರೂ ಹಾಕಿಬಿಡೋಣ ಅಂದೆ.

ಸ್ಟವ್ ಮೇಲೆ ಚಹಾ ಇಟ್ಟಿದ್ದ ಪಾಯ್ ಕೇಳಿದರು, “ಬಿಸಿ ಮಾಡಿ ನೋಡಿದ್ಯಾ ಮಗಳೇ?”

ಕೆಲವು ಕಾಯಿಲ್ ತಣ್ಣಗಿದ್ದಾಗ ಸರಿಯಾಗೇ ಇರುತ್ತವೆ, ಕಾದರೆ ಮಾತ್ರ ಒಳಗಿನ ತಂತಿ ಬಿಟ್ಟುಕೊಳ್ಳುತ್ತದೆ. ಪಾಯ್ ಇದನ್ನು ನನಗೆ ಎಂದೋ ಕಲಿಸಿದ್ದರು. ಕಾಯ್ತಾನ್‌ನ ಬೈಕ್ ಏರು ಹತ್ತುವಾಗ ಬಿಸಿಯಾಗಿ ನಿಲ್ಲುತ್ತಿತ್ತು, ಅವನು ತಳ್ಳಿಕೊಂಡು ಬರುವಷ್ಟರಲ್ಲಿ ತಣ್ಣಗಾಗುತ್ತಿತ್ತು. ಇಷ್ಟು ನನಗೆ ಹೊಳೆಯಲಿಲ್ಲ. ನೆಪವೆಂದುಕೊಳ್ಳುವುದೇ ನನಗೆ ಬೇಕಾಗಿತ್ತು.

ಮುಟ್ಟಿದರೆ ಚುರುಗುಟ್ಟುವಷ್ಟು ಕಾಯಿಸಿ ಮೀಟರ್ ಹಿಡಿದೆ. ಮುಳ್ಳು ಅಲುಗಲಿಲ್ಲ. ಆರಿಸಿ ಹಿಡಿದೆ, ಎದ್ದಿತು. ಮತ್ತೆ ಕಾಯಿಸಿದೆ. ಅಲುಗಲಿಲ್ಲ.

ಕೈ ಕೂಡ ತೊಳೆಯದೆ ಪಣಜಿಯ ಬಸ್ಸು ಹತ್ತಿದೆ. ಸ್ಟ್ಯಾಂಡಿನಲ್ಲಿ ಕಾಯ್ತಾನ್ ಬೈಕಿಗೆ ಒರಗಿ ನಿಂತಿದ್ದ. ಕಾಯಿಲನ್ನು ಅವನ ಕೈಗಿಟ್ಟು ಎಲ್ಲ ಹೇಳಿದೆ. ನೀನು ಹೂಂ ಅಂದರೆ ಈಗಲೇ ಪಾದ್ರಿಗಳ ಹತ್ತಿರ ಹೋಗಿ ಮೂರನೆಯ ಸಲ ಹೆಸರು ಕೂಗುವುದನ್ನು ನಿಲ್ಲಿಸುತ್ತೇನೆ ಎಂದೂ ಹೇಳಿದೆ.

ಅವನು ಕಾಯಿಲನ್ನು ತಿರುಗಿಸಿ ತಿರುಗಿಸಿ ನೋಡಿದ.

“ಇದು ಕೆಟ್ಟಿದೆ ಅಂತ ಗೊತ್ತಾದ್ಮೇಲೆ ನೀನು ನಂಬಿದೆ,” ಎಂದ. ಧ್ವನಿಯಲ್ಲಿ ಸಿಟ್ಟಿರಲಿಲ್ಲ. “ಅವತ್ತು ನನ್ನ ಮಾತಿತ್ತಲ್ಲ ರೆಜಿನ್. ಅದು ನಿಂಗೆ ಸಾಕಾಗ್ಲಿಲ್ಲ.”

ಅವನು ಬೈಕ್ ಸ್ಟಾರ್ಟ್ ಮಾಡಿದ. ಹತ್ತು, ಮನೆಗೆ ಬಿಡ್ತೀನಿ ಎಂದ.

ಮೊದಲ ಸಲ ಅವನ ಹಿಂದೆ ಕೂತೆ. ಸೇತುವೆ ದಾಟಿತು, ಏರು ಬಂತು. ಇಲ್ಲೊಮ್ಮೆ ನಿಲ್ಲಲಿ, ಅರ್ಧ ಗಂಟೆ ರಸ್ತೆ ಬದಿಯಲ್ಲಿ ಇಬ್ಬರೇ ನಿಂತರೆ ಅವನ ಮನಸ್ಸು ಕರಗೀತು ಎಂದು ತಿರುವು ತಿರುವಿನಲ್ಲೂ ದೇವರನ್ನು ಬೇಡಿಕೊಂಡೆ. ಆದರೆ ನಾನೇ ನನ್ನ ಕೈಯಾರೆ ಹಾಕಿಕೊಟ್ಟ ಹೊಸ ಕಾಯಿಲ್. ಇಬ್ಬರ ಭಾರ ಹೊತ್ತು ಒಂದೇ ಉಸಿರಿಗೆ ಏರು ಹತ್ತಿತು, ನಮ್ಮ ಬಾಗಿಲವರೆಗೂ ಎಲ್ಲೂ ನಿಲ್ಲಲಿಲ್ಲ.