ಕುರಿತೊಟ್ಟಿಯ ಅರ್ಧ ಡಿಗ್ರಿ

ಬುಕ್ಕಾಪಟ್ಟಣದ ಹತ್ತಿರ ಮುನಿಯಮ್ಮನ ಕುರಿಗಳು ನೀರು ಕುಡಿದ ತೊಟ್ಟಿಯ ಸುತ್ತಲೇ ಸತ್ತುಬಿದ್ದಿದ್ದವು. ಊರಿನವರು ಪಕ್ಕದ ಹೊಲದ ಸಂಜೀವಯ್ಯನನ್ನು ಹುಣಸೆಮರಕ್ಕೆ ಕಟ್ಟಿಹಾಕಿದ್ದರು. ಅವರೆ ಬೆಳೆಗೆ ಹೊಡೆದು ಉಳಿದ ಕೀಟನಾಶಕವನ್ನು ಅವನೇ ತೊಟ್ಟಿಗೆ ಸುರಿದನೆಂಬುದು ಆರೋಪ.

ಪಶುವೈದ್ಯೆಯಾದ ನಾನು ಶಿರಾದಿಂದ ಹೊರಡುವಾಗ ನರಸಿಂಹರಾಜು ಅವರನ್ನೂ ಕರೆತಂದಿದ್ದೆ. ಪೊಲೀಸ್ ಪ್ರಯೋಗಾಲಯದಿಂದ ನಿವೃತ್ತರಾದ ಅವರ ಜೊತೆ ಇಂಥ ಎಷ್ಟೋ ಕಡೆ ಹೋಗಿದ್ದೆ.

ಉಸಿರಿದ್ದ ಕುರಿಯೊಂದರ ರಕ್ತ ತೆಗೆದೆ. ಡಿಕಾಕ್ಷನ್ನಿನಂಥ ಕಂದು ಬಣ್ಣ. ಕೀಟನಾಶಕ ಕುಡಿದಿದ್ದರೆ ಬರಬೇಕಿದ್ದ ನೊರೆ ಬಾಯಲ್ಲಿರಲಿಲ್ಲ. ತಕ್ಕ ಮದ್ದು ಚುಚ್ಚಿದೆ.

"ತೊಟ್ಟಿ ತುಂಬಿಸಿದ್ದು ಯಾರು?" ರಾಜು ಕೇಳಿದರು.

"ನಾನೇ ಸಾರ್," ಎಂದ ದಾಳಿಂಬೆ ತೋಟದ ಶಂಕರಲಿಂಗಪ್ಪ. "ಬೆಳಿಗ್ಗೆ ತೊಟ್ಟಿ ತೊಳ್ದು ಬೋರ್ ನೀರು ಬುಟ್ಟೆ. ಆಮ್ಯಾಕೆ ಇವ್ನೇ ಇಸ ಹಾಕವ್ನೆ. ಕೈಕಾಲು ಮುರೀರ್ಲಾ!"

ಒಬ್ಬ ಬಡಿಗೆ ಎತ್ತಿದ. ರಾಜು ಅಡ್ಡ ನಿಂತರು. "ಸ್ವಲ್ಪ ತಡೀರಿ. ಒಲೆ ಹಚ್ಚಿ."

ತೊಟ್ಟಿಯ ಪೈಪು ಶಂಕರಲಿಂಗಪ್ಪನ ಗೊಬ್ಬರದ ಟ್ಯಾಂಕಿರುವ, ಬೀಗ ಹಾಕಿದ ಶೆಡ್ಡಿನಿಂದ ಬಂದಿತ್ತು. ರಾಜು ಬೋರಿನ ಬಾಯಿಂದ ಒಂದು ಪಾತ್ರೆ, ತೊಟ್ಟಿಯಿಂದ ಇನ್ನೊಂದು ಪಾತ್ರೆ ನೀರು ತರಿಸಿ ಕುದಿಸಿದರು, ಥರ್ಮಾಮೀಟರ್ ಅದ್ದಿದರು. ಎಲ್ಲರೂ ಬಗ್ಗಿ ನೋಡಿದರು. ಎತ್ತರದ ಸೀಮೆಯಾದ್ದರಿಂದ ಬೋರಿನ ನೀರು ನೂರಕ್ಕಲ್ಲ, ತೊಂಬತ್ತೇಳೂವರೆ ಡಿಗ್ರಿಗೇ ಕುದಿಯಿತು. ತೊಟ್ಟಿಯದು ತೊಂಬತ್ತೆಂಟಕ್ಕೆ.

"ಒಂದೇ ನೀರಾದರೆ ಒಂದೇ ಡಿಗ್ರಿಗೆ ಕುದಿಯಬೇಕು," ಎಂದರು ರಾಜು. "ಲವಣ ನೀರಲ್ಲಿ ಕರಗಿದರೆ ವಿದ್ಯುದಂಶದ ಕಣಗಳಾಗಿ ಬಿಡಿಬಿಡಿಯಾಗುತ್ತದೆ. ಅವು ಬೆರೆತ ನೀರು ಇನ್ನೂ ಹೆಚ್ಚು ಡಿಗ್ರಿಗೆ ಕುದಿಯುತ್ತದೆ. ಅರ್ಧ ಡಿಗ್ರಿ ಏರಬೇಕಾದರೆ ಲೀಟರಿಗೆ ಒಂದು ಹಿಡಿ ಉಪ್ಪು ಬೇಕು, ತೊಟ್ಟಿಗೆ ಮೂಟೆಗಟ್ಟಲೆ! ಸಂಜೀವಯ್ಯ ಇಡೀ ಬಾಟಲಿ ಸುರಿದರೂ ಇಷ್ಟು ಏರುತ್ತಿರಲಿಲ್ಲ."

"ಅಂಗಾದ್ರೆ ಅದ್ಯಾವ ಉಪ್ಪು?" ಮುನಿಯಮ್ಮ ಕೇಳಿದಳು.

"ರಕ್ತ ಕಂದಾಗಿಸುವ ನೈಟ್ರೇಟ್," ಎಂದರು ರಾಜು. " ದಾಳಿಂಬೆಗೆ ಹನಿ ನೀರಲ್ಲಿ ಬಿಡುವ ಗೊಬ್ಬರ. ಮೂಟೆಯನ್ನು ತೊಟ್ಟಿಗೇ ಸುರಿದಿದ್ದರೆ ತಳದಲ್ಲಿ ಹರಳು ಉಳಿಯುತ್ತಿತ್ತು, ಒಂದೂ ಇಲ್ಲ. ಅಂದರೆ ಶೆಡ್ಡಿನ ಟ್ಯಾಂಕಿನಲ್ಲೇ ಕರಗಿ ಪೈಪಿನಲ್ಲಿ ಬಂದಿದೆ. ಶಂಕರಲಿಂಗಪ್ಪ, ನೀರು ಬಿಟ್ಟದ್ದು ನಾನೇ ಎಂದಿರಿ. ಬೀಗದ ಕೈ ಇನ್ಯಾರ ಹತ್ತಿರವಾದರೂ ಇದೆಯೇ?"

ಶಂಕರಲಿಂಗಪ್ಪ ಸೊಂಟದಿಂದ ಬೀಗದ ಕೈ ತೆಗೆದು ನೆಲಕ್ಕಿಟ್ಟ. "ಇವ್ಳ ಕುರಿಗ್ಳು ದಾಳಿಂಬೆ ಚಿಗುರೆಲ್ಲ ಮೇದ್ಬುಡ್ತಿದ್ವು ಸಾರ್... ಕ್ವಾಪ ಬಂತು," ಎಂದ.

ಬಡಿಗೆ ಎತ್ತಿದವನೇ ಸಂಜೀವಯ್ಯನ ಹಗ್ಗ ಬಿಚ್ಚಿದ. ಮುನಿಯಮ್ಮ ಶಂಕರಲಿಂಗಪ್ಪನ ಎದುರು ನಿಂತಳು. ಅವಳು ಕೂಗಲಿಲ್ಲ.

"ಒಂದ್ ಮಾತು ಯೋಳಿದ್ರೆ ಕುರಿ ಕಟ್ಟಾಕ್ತಿದ್ದೆ. ದಿನಾ ನನ್ ಮೊಮ್ಮಗ್ಳು ಅದೇ ತೊಟ್ಟೀಲಿ ಬೊಗ್ಸೆ ತುಂಬ್ಕಂಡು ನೀರು ಕುಡೀತಾಳೆ ಕಣ್ಲಾ."