ಎಂ.ಜಿ. ಕಾರಿನ ಎರಡು ಕಾರ್ಬುರೇಟರು

೧೯೮೪ರ ಫೆಬ್ರುವರಿ ೯, ಗುರುವಾರ. ಮಧ್ಯಾಹ್ನ ಎರಡೂಕಾಲಿಗೆ ಚನ್ನಕೇಶವ ಏದುಸಿರು ಬಿಡುತ್ತ ಯಶವಂತಪುರ ಠಾಣೆಗೆ ಬಂದ. ಗೊರಗುಂಟೆಪಾಳ್ಯದಲ್ಲಿ ಹಳೆಯ ಇಂಗ್ಲಿಷ್ ಕಾರುಗಳಿಗೆ ಜೀವ ಕೊಡುವ ವರ್ಕ್‌ಶಾಪು ಅವನದು. ಎಲ್ಲರೂ ಊಟಕ್ಕೆ ಹೋಗಿದ್ದಾಗ ಎಂ.ಜಿ. ಸ್ಪೋರ್ಟ್ಸ್ ಕಾರಿನ, ಪೆಟ್ರೋಲಿಗೆ ಗಾಳಿ ಬೆರೆಸಿ ಇಂಜಿನ್ನಿಗೆ ಕೊಡುವ ಎರಡೂ ಕಾರ್ಬುರೇಟರು ಮಾಯವಾಗಿದ್ದವು.

"ಭಾನುವಾರ ರ್‍ಯಾಲಿ ಸಾರ್. ಕಾರು ಓಡ್ಲಿಲ್ಲ ಅಂದ್ರೆ ನಮ್ಮ ಹೆಸರು ಮಣ್ಣುಪಾಲು."

ಎಫ್‌ಐಆರ್ ದಾಖಲಾಯಿತು. ಮೂರು ಗಂಟೆಗೆ ಇನ್ಸ್‌ಪೆಕ್ಟರ್ ಶಿವಶರಣಪ್ಪ ವರ್ಕ್‌ಶಾಪಿನಲ್ಲಿ ಸ್ಥಳ ಪಂಚನಾಮೆಗೆ ಕೂತರು. ಗುಲ್ಬರ್ಗದ ಈ ಮನುಷ್ಯನಿಗೆ ಕಾರುಗಳ ಗಂಧಗಾಳಿ ಇರಲಿಲ್ಲ. ಆದರೆ ಕಣ್ಣು ಬಲು ಚುರುಕು.

"ಗುಜರಿಯವರನ್ನ ವಿಚಾರಿಸೋಣ ಸಾರ್," ಎಂದ ಕಾನ್‌ಸ್ಟೇಬಲ್ ಲಕ್ಕಣ್ಣ.

"ಇಲ್ನೋಡ್ರಿ. ಗುಜರಿಗೆ ಹಾಕಾಂವ ಇಷ್ಟು ಮರ್ಯಾದಿ ಮಾಡ್ತಾನೇನು?"

ಬಿಚ್ಚಿದ ನಟ್ಟುಗಳೆಲ್ಲ ವಾಷರ್ ಸಮೇತ ತಮ್ಮತಮ್ಮ ಜಾಗಕ್ಕೆ ಮರಳಿದ್ದವು. ಧೂಳು ಹೋಗದಂತೆ ಇಂಜಿನ್ನಿನ ಬಾಯಿಗೆ ಒಗೆದ ಬಿಳಿ ಬಟ್ಟೆ ತುರುಕಲಾಗಿತ್ತು. ಕಳ್ಳತನ ಮಾಡುವಾಗಲೂ ಕೈಯ ಅಭ್ಯಾಸ ಬಿಡದ ಮನುಷ್ಯ, ಪಾಪ!

"ಇಂಥ ಕೆಲಸಗಾರ ನಿಮ್ಮಲ್ಲಿ ಯಾರಿದ್ದಾರ?"

ಚನ್ನಕೇಶವನ ಮುಖ ಸಪ್ಪಗಾಯಿತು. "ಈಗ ಯಾರೂ ಇಲ್ಲ. ಖಾದರ್ ಬಾಷಾ ಇದ್ರು. ಕಣ್ಣು ಮಂಜಾಯ್ತು ಅಂತ ಮೂರು ತಿಂಗಳ ಹಿಂದೆ ಬಿಡಿಸ್ದೆ."

"ಅವರು ಹೋದ ಮ್ಯಾಲೆ ಕಾರು ಓಡ್ತಿತ್ತೇನು?"

"ಗೊರಗೊರ ಅಂತಿತ್ತು. ಎರಡೂ ಕಾರ್ಬುರೇಟರ್ ಹೊಂದ್ತಾನೇ ಇರ್ಲಿಲ್ಲ. ಕಿತ್ತೆಸೆದು ಅಂಬಾಸಿಡರ್‌ದು ಒಂದು ಕೂರಿಸೋಣ ಅಂತಿದ್ದೆ."

ನಾಲ್ಕೂವರೆಗೆ ಆರ್.ಟಿ. ನಗರದ ಮನೆಯಲ್ಲಿ ಖಾದರ್ ಬಾಷಾರ ಹೆಂಡತಿ ಸಬೀರಾ ಬಾಗಿಲು ತೆರೆದಳು. ಮೇಜಿನ ಮೇಲೆ ಕಾರ್ಬುರೇಟರುಗಳು ಪಳಪಳ ಹೊಳೆಯುತ್ತಿದ್ದವು.

"ನಾನೇ ತಂದಿದ್ದು ಸಾರ್," ಎಂದರು ಖಾದರ್ ಬಾಷಾ. "ಅಂಬಾಸಿಡರ್‌ದು ಹಾಕ್ತಾರೆ ಅಂತ ಕೇಳ್ದೆ. ಹೊಟ್ಟೆ ಉರಿದು ಹೋಯ್ತು. ರಿಪೇರಿ ಮಾಡಿ ನಾಳೆ ಅಲ್ಲೇ ಇಡೋನಿದ್ದೆ."

"ಕೇಳಬಹುದಿತ್ತಲ್ಲ?"

"ಕುರುಡನ ಕೈಗೆ ಯಾರು ಕೊಡ್ತಾರೆ ಸಾರ್?"

ಶಿವಶರಣಪ್ಪನವರಿಗೆ ಸಂಕಟವಾಯಿತು. ಆದರೂ ಜಪ್ತಿ ಮಾಡಿ, ಮಾಲು ಗುರುತಿಸಲು ವರ್ಕ್‌ಶಾಪಿಗೆ ಕರೆತಂದರು. "ಅದೇ ಕಾರಿನವು ಹೌದೋ ಅಲ್ಲೋ, ಹಾಕಿ ತೋರಿಸ್ರಿ," ಎಂದರು.

ಖಾದರ್ ಬಾಷಾ ಬೆರಳಲ್ಲೇ ತಡವಿ ಜೋಡಿಸಿದರು. ಇಂಜಿನ್ ಚಾಲೂ ಆಯಿತು. ಒಂದು ರಬ್ಬರ್ ಕೊಳವೆಯ ತುದಿಯನ್ನು ಕಿವಿಗಿಟ್ಟು, ಇನ್ನೊಂದು ತುದಿಯನ್ನು ಒಂದೊಂದೇ ಕಾರ್ಬುರೇಟರಿನ ಬಾಯಿಗೆ ಹಿಡಿದರು. ಎರಡೂ ಎಳೆಯುವ ಗಾಳಿಯ ಸದ್ದು ಸಮವಾಗುವವರೆಗೆ ಸ್ಕ್ರೂ ತಿರುಗಿಸಿದರು. ಗೊರಗೊರ ನಿಂತು ಇಂಜಿನ್ ಹದವಾಗಿ ಓಡತೊಡಗಿತು. ಚನ್ನಕೇಶವ ತಲೆ ತಗ್ಗಿಸಿ ನಿಂತಿದ್ದ.

ಆರೂ ಹತ್ತಕ್ಕೆ ಬಂಧನ ದಾಖಲಾಯಿತು. ಆ ದಿನದ ಕೇಸ್ ಡೈರಿಯಲ್ಲಿ ಶಿವಶರಣಪ್ಪ ಬರೆದರು: 'ಮಾರುವ ಉದ್ದೇಶವಿರಲಿಲ್ಲ. ತನಗೆ ಇನ್ನೂ ಕೆಲಸ ಬರುತ್ತದೆಂದು ತೋರಿಸಬೇಕಾಗಿತ್ತು.'

ಮರುದಿನ ಕೋರ್ಟಿನಲ್ಲಿ ಜಾಮೀನಿಗೆ ನಿಂತವನು ದೂರುದಾರನೇ.

"ಭಾಯ್, ಸೋಮವಾರ ಕೆಲಸಕ್ಕೆ ಎಷ್ಟೊತ್ತಿಗೆ ಬರ್ತೀರಾ?"

"ಮೊದ್ಲು ಸೈನ್ ಹಾಕು ಚನ್ನಕೇಶವ," ಎಂದರು ಖಾದರ್ ಬಾಷಾ.